ಕುಂಕುಮ ಹತ್ತಿದ ಫ್ಲಾಪಿ

ದೇವರ ಕೋಣೆಗೆ ಬಣ್ಣ ಹೊಡೆಸಲೆಂದು ಕಪಾಟು ಖಾಲಿ ಮಾಡಿಸುತ್ತಿದ್ದೆ. ಬಣ್ಣದವನು ಮೇಲಿನ ಹಲಗೆಯ ಹಿಂದೆ ಕೈಹಾಕಿ, ಕಪ್ಪು ಚೌಕದ ವಸ್ತುವೊಂದನ್ನು ಎರಡು ಬೆರಳಲ್ಲಿ ಹಿಡಿದು ತೋರಿಸಿದ.

"ಇದೇನ್ರಿ ಅಕ್ಕೋರೆ? ಒಗೀಲಾ?"

ಫ್ಲಾಪಿ. ಅದರ ತಗಡಿನ ಬಾಯಿಯ ಸುತ್ತ ಕುಂಕುಮ ಕರಿಗಟ್ಟಿ ಕೂತಿತ್ತು, ಅಕ್ಷತೆಯ ಒಂದು ಕಾಳೂ ಅಂಟಿತ್ತು. ಚೀಟಿಯ ಮೇಲೆ ನೀಲಿ ಶಾಯಿಯಲ್ಲಿ "ಎರಡನೇ ಪ್ರತಿ" ಎಂಬ ದುಂಡನೆಯ ಅಕ್ಷರ. ಅವನ ಕೈಯಿಂದ ಕಸಿದುಕೊಂಡೆ ಅಂತಲೇ ಹೇಳಬೇಕು. ಪಾಪ, ಏನು ತಪ್ಪಾಯಿತೋ ಎಂದು ಅವನು ಬೆಪ್ಪಾಗಿ ನಿಂತ.

ಆ ಅಕ್ಷರ ಮಿಸ್ತ್ರಿ ಕಾಕಾ ಅವರದು. ಅವರಿಗೂ ಒಂದು ಹೆಸರಿತ್ತು, ಆದರೆ ನಮ್ಮ ಮನೆಯಲ್ಲಿ ಯಾರೂ ಹೆಸರು ಹಿಡಿದು ಕರೆದದ್ದಿಲ್ಲ. ಶಹಾಬಾದಿನ ಕಡೆ ಕಲ್ಲು ಅರೆಯುವ ಒಂದು ಸಣ್ಣ ಗಿರಣಿಯಲ್ಲಿ ಮೋಟರು ನೋಡಿಕೊಂಡಿದ್ದವರು. ಗಿರಣಿ ಮುಚ್ಚಿದ ಮೇಲೆ ಮೊದಲು ರೇಡಿಯೊ, ಆಮೇಲೆ ಟಿ.ವಿ., ಕೊನೆಗೆ ಕಂಪ್ಯೂಟರ್ ರಿಪೇರಿಗೆ ಕೈಹಾಕಿದರು. ನಾನು ವಾಡಿಯ ಹೈಸ್ಕೂಲಿನಲ್ಲಿ ಗಣಿತದ ಟೀಚರು. ಎರಡು ಸಾವಿರದ ಇಸವಿಯ ಆಸುಪಾಸು ನಾನು ಹಟ ಹಿಡಿದು ಮನೆಗೆ ಕಂಪ್ಯೂಟರ್ ತಂದಾಗ, ಅದನ್ನು ಮುಟ್ಟುವ ಧೈರ್ಯವಿದ್ದ ಮನುಷ್ಯ ಸುತ್ತಲಲ್ಲಿ ಅವರೊಬ್ಬರೇ.

ತಿಂಗಳ ಮೊದಲ ಭಾನುವಾರ ಬೆಳಗಿನ ಪ್ಯಾಸೆಂಜರ್ ಗಾಡಿಗೆ ಬರುತ್ತಿದ್ದರು. ಚೀಲದಲ್ಲಿ ಸ್ಕ್ರೂಡ್ರೈವರು, ಬಣ್ಣ ಕಾಣದ ಹೊಸ ಕುಂಚ, ಶಾಲೆಯ ಮಕ್ಕಳ ರಬ್ಬರು. ಕಂಪ್ಯೂಟರಿನ ಡಬ್ಬಿ ಬಿಚ್ಚಿ ಒಳಗಿನ ಫ್ಯಾನಿನ ರೆಕ್ಕೆಗಳನ್ನು ಒಂದೊಂದಾಗಿ ಕುಂಚದಿಂದ ಗುಡಿಸುವರು. ಮೆಮೊರಿಯ ಪಟ್ಟಿಯನ್ನು ಕಿತ್ತು, ಅದರ ಚಿನ್ನದ ಬಣ್ಣದ ಹಲ್ಲುಗಳನ್ನು ರಬ್ಬರಿನಿಂದ ಮೆಲ್ಲಗೆ ತಿಕ್ಕುವರು. ಎಷ್ಟೋ ಸಲ ಸತ್ತೇ ಹೋಯಿತು ಎಂದುಕೊಂಡಿದ್ದ ಯಂತ್ರ ಆ ರಬ್ಬರಿನ ತಿಕ್ಕಿಗೇ ಎದ್ದು ಕೂತಿದೆ. ಡಬ್ಬಿಯ ಬೆನ್ನಿಗೂ ಗೋಡೆಗೂ ನಡುವೆ ಒಂದು ಗೇಣು ಜಾಗ ಬಿಡಬೇಕು. ಮೋಡ ಗುಡುಗಿದರೆ ಮೊದಲು ಮೋಡೆಮಿನಿಂದ ಫೋನಿನ ವೈರು ಕೀಳಬೇಕು, ಬಟ್ಟೆ ಒಳಗೆ ತರುವುದು ಆಮೇಲೆ. ಹಿತ್ತಲಿನ ಅರ್ಥಿಂಗ್ ಗುಂಡಿಗೆ ವರ್ಷಕ್ಕೊಮ್ಮೆ ಉಪ್ಪು, ಇದ್ದಿಲು. ಬೇಸಿಗೆಯಲ್ಲಿ ವಾರಕ್ಕೊಂದು ಕೊಡ ನೀರು. ಧೂಳನ್ನು ಬಾಯಿಂದ ಊದಲೇಬಾರದು, ಎಂಜಲು ಸಿಡಿದು ತುಕ್ಕು ಹಿಡಿಯುತ್ತದೆ. ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಎರಡು ಸಲ ನಿಂತು ಕೆಮ್ಮುತ್ತಿದ್ದರು. ಯಂತ್ರದೊಳಗಿನ ಧೂಳಿಗೆ ಅಷ್ಟು ಅಂಜುವವರು ತಮ್ಮ ಮೂಗಿಗೆ ಒಂದು ಕರ್ಚೀಫು ಕಟ್ಟಿಕೊಂಡದ್ದನ್ನು ನಾನು ನೋಡಲೇ ಇಲ್ಲ...

ಕೆಮ್ಮು ಅವರೊಬ್ಬರದೇ ಆಗಿರಲಿಲ್ಲ. ಆ ಗಿರಣಿಯಲ್ಲಿ ದುಡಿದವರೆಲ್ಲ ಒಬ್ಬೊಬ್ಬರಾಗಿ ಸೊರಗುತ್ತಿದ್ದರು. ಯಾವ ದವಾಖಾನೆಗೆ ಹೋದರೂ ಕಾಗದದ ಮೇಲೆ "ಬೀಡಿ ಚಟ" ಎಂದು ಬರೆದು ಕಳಿಸುತ್ತಿದ್ದರು. ಬೀಡಿ ಸೇದುವವನಿಗೂ ಅದೇ, ಸೇದದವನಿಗೂ ಅದೇ. ಗುಲ್ಬರ್ಗದ ಒಬ್ಬ ದೊಡ್ಡ ಡಾಕ್ಟರು ಮಾತ್ರ ಕಾಕಾನ ಮಾತು ಕೇಳಿದರಂತೆ. ಯಾರು, ಯಾವ ಕೆಲಸದಲ್ಲಿ, ಎಷ್ಟು ವರ್ಷ, ಕೆಮ್ಮು ಯಾವಾಗ ಹತ್ತಿತು, ಎಲ್ಲವನ್ನೂ ಅವರವರ ಬಾಯಿಂದಲೇ ಬರೆಸಿ ತನ್ನಿ, ಬೇಸಿಗೆಯಲ್ಲಿ ಬಂದು ನೋಡುತ್ತೇನೆ ಎಂದಿದ್ದರು.

ಹಾಗೆ ನಮ್ಮ ಮನೆಯ ಕಂಪ್ಯೂಟರಿನಲ್ಲಿ ಆ ಕೆಲಸ ಶುರುವಾಯಿತು. ಕಾಕಾ ಭಂಕೂರದ ಕಡೆ, ರಾವೂರದ ಕಡೆ ಮನೆಮನೆಗೆ ಹೋಗಿ ಬರೆದುಕೊಂಡು ಬರುವರು, ನಾನು ಟೈಪ್ ಮಾಡುವೆ. ಒಬ್ಬೊಬ್ಬರದು ಒಂದೊಂದು ಫೈಲು. ಎಲ್ಲ ಮುಗಿದ ಮೇಲೆ ತಮ್ಮದನ್ನು ತಾವೇ ಕೂತು ಹೇಳಿದರು. ನನ್ನ ಧ್ಯಾನವೆಲ್ಲ ಒಲೆಯ ಮೇಲಿದ್ದ ಬೇಳೆಯಲ್ಲಿ. ಬೆರಳು ಹೊಡೆಯುತ್ತಿದ್ದವು, ಕಿವಿ ಕೇಳುತ್ತಿರಲಿಲ್ಲ. ಒಂದು ಸಾಲನ್ನು ಮಾತ್ರ ಅವರು ಎರಡು ಸಲ ಹೇಳಿ, ಪರದೆಯತ್ತ ಬಗ್ಗಿ, ಬಿದ್ದಿದೆಯೋ ಇಲ್ಲವೋ ನೋಡಿಕೊಂಡರು.

ಎಲ್ಲವನ್ನೂ ಎರಡು ಫ್ಲಾಪಿಗೆ ಇಳಿಸಿ, ಚೀಟಿ ಬರೆದು ಅಂಟಿಸಿ ಕೊಟ್ಟವರೂ ಅವರೇ. ಒಂದು ಕೆಟ್ಟರೆ ಇನ್ನೊಂದು ಇರಲಿ ಎಂದು. ಅದೇ ವಾರ ಖಂಡೇಪೂಜೆ, ಅಂದರೆ ಆಯುಧಪೂಜೆ. ನಮ್ಮದು ಗುಡಿಯ ಸೇವೆ ಮಾಡಿಕೊಂಡು ಬಂದ ವೈಷ್ಣವರ ಮನೆ. ಮಡಿ, ಪೂಜೆ ಎಂದರೆ ನಮ್ಮ ಅತ್ತೆಯವರ ಕೈ ಬಲು ಧಾರಾಳ. ಕಂಪ್ಯೂಟರಿನ ನೆತ್ತಿಗೆ ಅರಿಷಿಣ ಕುಂಕುಮ, ಮೌಸಿಗೆ ಹೂವು, ಫ್ಲಾಪಿಗಳಿಗೂ ಕುಂಕುಮ ಅಕ್ಷತೆ. ಆರತಿ ಆದ ಮೇಲೆ "ಅಷ್ಟು ಮಂದಿ ಬಾಳೇವು ಅದರಾಗ ಅದ, ದೇವರ ಹತ್ರನೇ ಇರ್ಲಿ" ಎಂದು ಎರಡನ್ನೂ ದೇವರ ಕಪಾಟಿನಲ್ಲಿ ಇಟ್ಟರು. ನನಗೂ ಸರಿ ಅನ್ನಿಸಿತು. ಕಾಕಾ ಬಂದಾಗಲೆಲ್ಲ "ಪ್ರತಿ ಅವ ಇಲ್ರಿ ಅಕ್ಕೋರೆ?" ಎಂದು ಕೇಳುವರು. "ದೇವರ ಮನ್ಯಾಗ ಅವರಿ" ಎನ್ನುವೆ. ಅವರಿಗೆ ಸಮಾಧಾನ.

ಆ ಬೇಸಿಗೆಯಲ್ಲಿ ಎರಡು ತಿಂಗಳು ಅವರು ಬರಲಿಲ್ಲ. ಜ್ವರ ಎಂದು ಸುದ್ದಿ. ಇತ್ತ ಗಾಳಿ ಎದ್ದು, ಕಿಟಕಿ ಹಾಕಿದರೂ ಕಲ್ಲಿನ ಹುಡಿ ಮೇಜಿನ ಮೇಲೆ ಬೆರಳಲ್ಲಿ ಹೆಸರು ಬರೆಯುವಷ್ಟು ಕೂರುತ್ತಿತ್ತು. ಕಾಕಾ ಇಲ್ಲದಾಗ ಯಂತ್ರವನ್ನು ನಾನೇ ಜೋಪಾನ ಮಾಡಬೇಕಲ್ಲ! ಹಳೆಯ ಸೀರೆಯ ತುಂಡನ್ನು ಎರಡು ಮಡಿಕೆ ಮಾಡಿ, ಡಬ್ಬಿಯ ಹಿಂದಿನ ಜಾಲರಿಯ ಮೇಲೆ ಇಟ್ಟು, ಸುತ್ತಲೂ ಟೇಪು ಬಿಗಿದೆ. ಒಂದು ಕಣ ಧೂಳೂ ಒಳಗೆ ಹೋಗಬಾರದು ಎಂದು. ನನ್ನ ಬುದ್ಧಿಗೆ ಬೆಂಕಿ ಬೀಳಲಿ. ಮಕ್ಕಳಿಗೆ ಗಣಿತ ಕಲಿಸುವವಳಿಗೆ, ಗಾಳಿ ಹೋಗದ ಕಡೆ ಸೆಕೆಯೂ ಹೊರಗೆ ಬರುವುದಿಲ್ಲ ಎಂಬಷ್ಟು ತಿಳಿಯಲಿಲ್ಲ.

ಡಾಕ್ಟರು ಬರುವ ವಾರ. ಪ್ರಿಂಟ್ ತೆಗೆಸಲು ಕೂತರೆ ಡಬ್ಬಿಯೊಳಗೆ ಟಕ್ ಟಕ್ ಎಂಬ ಸದ್ದು, ಪರದೆ ಕಪ್ಪು. ಹೇಳಿಕಳಿಸಿದೆ. ಕಾಕಾ ಅರ್ಧ ಮೈಯಾಗಿ ಬಂದರು, ನಮ್ಮ ಮೂರು ಮೆಟ್ಟಿಲು ಹತ್ತಲು ಎರಡು ಸಲ ಕೂತರು. ಡಬ್ಬಿಯನ್ನು ತಿರುಗಿಸಿ ಸೀರೆಯ ತುಂಡು ನೋಡಿದರು. ಬೈದಿದ್ದರೆ ಚೆನ್ನಾಗಿತ್ತು. "ಉಸರು ಕಟ್ಟ್ಯದ್ರಿ ಅದಕ್ಕ" ಎಂದು ಮೆಲ್ಲಗೆ ಟೇಪು ಬಿಡಿಸಿದರು.

"ಫ್ಲಾಪಿ ಅವಲ್ರಿ ಕಾಕಾ" ಎಂದು ನಾನು ದೇವರ ಕೋಣೆಗೆ ಓಡಿದೆ. ಮೊದಲನೆಯದು ಕಿರ್ ಎಂದು ಕಿರುಚಿತು, ಓದಲಿಲ್ಲ. ಎರಡನೆಯದೂ ಅಷ್ಟೇ. ಕಾಕಾ ತಗಡಿನ ಬಾಯಿ ಸರಿಸಿ ಬೆಳಕಿಗೆ ಹಿಡಿದರು. ಒಳಗಿನ ತೆಳುವಾದ ತಟ್ಟೆಯ ಮೇಲೆ ಕುಂಕುಮದ ಗೀರುಗಳು. ಅತ್ತೆಯವರು ಬಾಗಿಲಲ್ಲೇ ಕುಸಿದು ಕೂತರು. "ನಾ ಏನ್ ಮಾಡ್ದೆವ್ವಾ ಇದು" ಎಂದು ಅವರು ಅತ್ತದ್ದು ಈಗಲೂ ಕಿವಿಯಲ್ಲಿದೆ.

ಆಗ ಕಾಕಾ ಒಂದು ಹುಚ್ಚು ಉಪಾಯ ಹೇಳಿದರು. ಕಾದು ಕೆಟ್ಟ ಹಾರ್ಡ್‌ಡಿಸ್ಕ್ ತಣ್ಣಗಾದರೆ ನಾಲ್ಕು ನಿಮಿಷ ಏಳಬಹುದು, ಎದ್ದರೆ ಎದ್ದೀತು. ಅದನ್ನು ಪ್ಲಾಸ್ಟಿಕ್ಕಿನಲ್ಲಿ ಗಾಳಿಯಾಡದಂತೆ ಸುತ್ತಿ, ಸ್ಟೇಷನ್ ಹತ್ತಿರದ ಐಸ್ ಅಂಗಡಿಯ ಫ್ರೀಜರಿನಲ್ಲಿ, ಐಸ್‌ಕ್ಯಾಂಡಿಗಳ ಕೆಳಗೆ ಇರಿಸಿದೆವು. ಮಧ್ಯಾಹ್ನ ತಂದು, ಕಾಕಾ ಅದನ್ನು ತಮ್ಮ ಚೀಲದ ಹಳೆಯ ಡಿಸ್ಕಿನ ಜೊತೆ ಜೋಡಿಸಿದರು. ಸದ್ದು ನಿಂತಿತು. ಪರದೆಯ ಮೇಲೆ ಫೈಲುಗಳ ಸಾಲು ಮೂಡಿತು! ನಾನು ಖುಷಿಗೆ ಕಿರುಚಿಯೇಬಿಟ್ಟೆ. ಗಡಿಬಿಡಿಯಲ್ಲಿ ಮೊದಲು ಕಾಕಾನದೇ ಫೈಲಿನ ಮೇಲೆ ಮೌಸು ಒಯ್ದೆ. ಅವರು ನನ್ನ ಕೈ ಹಿಡಿದರು.

"ಸತ್ತೋರದು ಮೊದಲ ತೊಗೋರಿ ಅಕ್ಕೋರೆ. ಇದ್ದೋರು ಮತ್ತ ಹೇಳ್ತಾರ."

ಅಷ್ಟರಲ್ಲಿ ಬರೆಸಿದವರಲ್ಲೇ ನಾಲ್ವರು ತೀರಿಕೊಂಡಿದ್ದರು. ಕಾಕಾ ಹೆಸರು ಹೇಳುತ್ತ ಹೋದರು, ನಾನು ಒಂದೊಂದಾಗಿ ಎಳೆದು ಹಾಕುತ್ತ ಹೋದೆ. ನಾಲ್ಕೂ ಬಂದವು. ಆಮೇಲೆ ಹಾಸಿಗೆ ಹಿಡಿದವರದು. ಅದರಲ್ಲಿ ಮೂರು ಬಂದವು. ಮತ್ತೆ ಟಕ್ ಟಕ್. ಎರಡನೆಯ ಸಲ ಐಸಿನಲ್ಲಿಟ್ಟು ತಂದೆವು, ಇನ್ನೆರಡು ಬಂದವು. ಮೂರನೆಯ ಸಲ ಅದು ಏಳಲಿಲ್ಲ. ನಾನು ಅಳುತ್ತ "ಕಾಕಾ, ನಿಮ್ಮದು..." ಎಂದರೆ, "ನಾ ಇನ್ನಾ ಇದ್ದೀನಲ್ರಿ, ಫಿಕರ್ ಯಾಕ ಮಾಡ್ತೀರಿ" ಎಂದು ನಕ್ಕರು. ನಕ್ಕದ್ದಕ್ಕೆ ಕೆಮ್ಮು ಬಂತು.

ಉಳಿದವರ ಮನೆಗೆ ನಾನೇ ತಿರುಗಿ ಮತ್ತೆ ಬರೆಸಿಕೊಂಡೆ. ಕಾಕಾನ ಮನೆಗೆ ಹೋದಾಗ ಅವರು ಗೋಡೆಗೆ ಒರಗಿಸಿದ ದಿಂಬಿನ ಮೇಲಿದ್ದರು. ನೋಟ್‌ಬುಕ್ ತೆಗೆದೆ. ಒಂದು ಶಬ್ದಕ್ಕೂ ಇನ್ನೊಂದಕ್ಕೂ ನಡುವೆ ಎಷ್ಟು ಹೊತ್ತು! "ಉಸರು ಬರ್ಲಿ, ತಡೀರಿ" ಎಂದು ಕೈಸನ್ನೆ ಮಾಡಿದರು. ಕಾದೆ. ಕೊನೆಗೆ ಉಸಿರು ಕೂಡಿಸಿಕೊಂಡು ಅವರು ಕೇಳಿದ್ದು ಇಷ್ಟೇ: "ಡಬ್ಬಿ ಹಿಂದಿಂದು... ಬಿಚ್ಚೇ ಇಟ್ಟೀರಿಲ್ಲ?" ಇಟ್ಟೀನ್ರಿ ಎಂದೆ. ನೋಟ್‌ಬುಕ್ಕಿನ ಆ ಹಾಳೆ ಖಾಲಿಯೇ ಉಳಿಯಿತು. ಡಾಕ್ಟರರ ಕೈಗೆ ಹೋದ ಕಂತೆಯಲ್ಲಿ ಎಲ್ಲರೂ ಇದ್ದರು, ಎಲ್ಲರನ್ನೂ ಕೂಡಿಸಿದವರು ಇರಲಿಲ್ಲ. ಡಾಕ್ಟರು ಬಂದು ಒಬ್ಬೊಬ್ಬರನ್ನೇ ನೋಡಿ, ಕಾಗದದ ಮೇಲೆ ಕಲ್ಲಿನ ಧೂಳು ಎಂದು ಬರೆದುಕೊಟ್ಟರು. ಅದಕ್ಕೆ ಎರಡು ದಿನ ಮೊದಲು ಕಾಕಾ ಹೋಗಿಬಿಟ್ಟಿದ್ದರು.

ಮಾತಾಡಿಸಲು ಹೋದಾಗ ಕಾಕಾನ ಹೆಂಡತಿ ಕಾಕೂ ಮಡಚಿದ ಒಂದು ಕಾಗದ ತಂದು ನನ್ನ ಕೈಗಿಟ್ಟರು. ಕೊನೆಯ ದಿನ ಸೇರಿಸಿದ್ದ ದವಾಖಾನೆಯದು. ಅವರಿಗೆ ಓದು ಬರದು.

"ಏನಂತ ಬರ್ದಾರ್ರಿ ಅಕ್ಕೋರೆ?"

ಬೀಡಿ ಚಟ ಎಂದಿತ್ತು.

"ಧೂಳ ಅಂತ ಬರ್ದಾರ್ರಿ" ಎಂದೆ. ಕಾಕೂ ತಲೆಯಾಡಿಸಿ, ಕಾಗದವನ್ನು ಮತ್ತೆ ಅದೇ ಮಡಿಕೆಯಲ್ಲಿ ಮಡಚಿ ಸೆರಗಿಗೆ ಕಟ್ಟಿಕೊಂಡರು. ನನ್ನ ಆಯುಷ್ಯದಲ್ಲಿ ಅದಕ್ಕಿಂತ ದೊಡ್ಡ ಸುಳ್ಳು ನಾನು ಹೇಳಿಲ್ಲ.

ಈಗ ಈ ಫ್ಲಾಪಿ ಹಾಕಿ ನೋಡಲು ವಾಡಿಯಲ್ಲಿ ಒಂದು ಯಂತ್ರವೂ ಉಳಿದಿಲ್ಲ. ಇದ್ದರೂ ಏನು, ಅಂದೇ ಓದದ್ದು ಇಂದು ಓದುತ್ತದೆಯೆ? ಎಲ್ಲ ಗೊತ್ತಿದ್ದೂ ತಗಡಿನ ಬಾಯಿ ಸರಿಸಿದೆ, ಕುಂಕುಮ ಬೆರಳಿಗೆ ಹತ್ತಿತು. ಬಣ್ಣದವನು ಇನ್ನೂ ನಿಂತೇ ಇದ್ದ. ಒಗೆಯಬೇಡಪ್ಪ, ಒಬ್ಬರ ಮಾತು ಇದೆ ಇದರಲ್ಲಿ ಎಂದೆ. ಎಷ್ಟು ವರ್ಷ ದುಡಿದರು, ಯಾವ ಮೋಟರು, ಕೆಮ್ಮು ಎಂದು ಹತ್ತಿತು, ಒಂದೂ ನನಗೆ ನೆನಪಿಲ್ಲ. ಬೇಳೆಯ ಧ್ಯಾನದಲ್ಲಿ ಕಳೆದುಕೊಂಡೆ. ಅವರು ಎರಡು ಸಲ ಹೇಳಿ, ಬಗ್ಗಿ ನೋಡಿಕೊಂಡ ಆ ಒಂದು ಸಾಲು ಮಾತ್ರ ಇದೆ:

"ಬರ್ಕೋರಿ ಅಕ್ಕೋರೆ. ನಾ ಜನ್ಮದಾಗ ಬೀಡಿ ಮುಟ್ಟಿದಾಂವ ಅಲ್ಲ."