ಹಾಕೊದಾತೆಯಲ್ಲಿ ಅಮ್ಮನ ಚಪ್ಪಲಿ

ದೆವ್ವದ ಮಾತೆತ್ತಿದರೆ ನಗುತ್ತಿದ್ದವನು ನಾನು. ಧೈರ್ಯವಂತ ಅಂತಲ್ಲ, ಹೆದರುವುದಕ್ಕೆ ಬೇರೆ ವಿಷಯಗಳೇ ಬೇಕಾದಷ್ಟಿದ್ದವು. ರೈಲು ತಪ್ಪೀತು, ಗ್ಯಾಸ್ ಆರಿಸಿದೆನೋ ಇಲ್ಲವೋ, ವೀಸಾ ಮುಗಿದೀತು. ಆ ಸಾಲಿನಲ್ಲಿ ದೆವ್ವಕ್ಕೆ ಸರದಿಯೇ ಬಂದಿರಲಿಲ್ಲ.

ಕೆಲವು ವರ್ಷಗಳ ಹಿಂದೆ ಅಮ್ಮ ಮೈಸೂರಿನಿಂದ ಯೋಕೋಹಾಮಾದ ನಮ್ಮ ಮನೆಗೆ ಬಂದಿದ್ದಳು. ಅವಳನ್ನು ಉತ್ತರದ ಹಾಕೊದಾತೆಗೆ ಕರೆದುಕೊಂಡು ಹೋದೆ. ಬಂದರಿನಿಂದ ಗುಡ್ಡಕ್ಕೆ ಏರುವ ಬೀದಿಗಳಲ್ಲಿ ಹಳೆಯ ಕಾಲದ ಮನೆಗಳು. ಕೆಳಗಿನ ಅಂತಸ್ತು ಅಪ್ಪಟ ಜಪಾನಿ: ಮರದ ಜಾಲರಿ, ಸರಿಯುವ ಬಾಗಿಲು. ಮೇಲಿನದು ಪರಂಗಿಯವರ ಬಂಗಲೆ: ಬಣ್ಣದ ಹಲಗೆ, ಉದ್ದುದ್ದ ಕಿಟಕಿ. "ಕೆಳಗೆ ಪಂಚೆ, ಮೇಲೆ ಕೋಟು. ಥೇಟ್ ನಮ್ಮ ತಾತ!" ಎಂದು ಅಮ್ಮ ನಕ್ಕಳು.

ಕಳೆದುಹೋದರೆ ಇರಲಿ ಎಂದು ನನ್ನ ನಂಬರು, ವಿಳಾಸ ಬರೆದು ಲ್ಯಾಮಿನೇಟ್ ಮಾಡಿಸಿ ಅವಳ ಪರ್ಸಿನಲ್ಲಿಟ್ಟಿದ್ದೆ. ಮಧ್ಯಾಹ್ನ ಕೊಂಬಿನಿ ಅಂಗಡಿಗೆ ಹೋಗಿ ನೀರು ಕೊಂಡು ಹೊರಬಂದರೆ ಅಮ್ಮ ಇಲ್ಲ. ಪರ್ಸು ನನ್ನ ಕೈಯಲ್ಲಿ.

ಎಪ್ಪತ್ತೆರಡರ ಅಮ್ಮ, ಕನ್ನಡ ಬಿಟ್ಟರೆ ಬೇರೆ ಭಾಷೆ ಬಾರದು. ಮುಕ್ಕಾಲು ಗಂಟೆ ಬೀದಿ ಬೀದಿ ಓಡಿದೆ. ಸುಮಿಮಾಸೆನ್, ಸುಮಿಮಾಸೆನ್ ಎಂದು ಕ್ಷಮೆ ಕೇಳುತ್ತ ಕಂಡವರನ್ನೆಲ್ಲ ತಡೆದೆ. ಗಾಬರಿಯಲ್ಲಿ ಜಪಾನಿ ಮರೆತು, ಇಲ್ಲದ ಸೆರಗನ್ನು ಹೊದ್ದು ತೋರಿಸಿದೆ.

ಆಗ ಒಂದು ಮನೆಯ ಮುಂದೆ ಅವಳ ಚಪ್ಪಲಿ ಕಂಡಿತು. ಜಪಾನಿನಲ್ಲಿ ಬಾಗಿಲು ದಾಟಿ ಒಳಗೆ ಪಾದರಕ್ಷೆ ಬಿಡುತ್ತಾರೆ. ಬೀದಿಯಲ್ಲಿ ಬಿಡುವವಳು ನಮ್ಮಮ್ಮ ಒಬ್ಬಳೇ. ಆದರೆ ಬಾಗಿಲಿಗೆ ಹೊರಗಿನಿಂದ ಬೀಗ. ತುಕ್ಕು ಹಿಡಿದ ಬೀಗ.

"ಲೋ ಪುಟ್ಟಾ!" ಮೇಲಿನ ಕಿಟಕಿಯಲ್ಲಿ ಅಮ್ಮ. "ಬಾರೋ ಮೇಲೆ, ಹಡಗೆಲ್ಲ ಕಾಣ್ಸತ್ತೆ!"

ಐವತ್ತು ದಾಟಿದ ಪುಟ್ಟನಾದ ನಾನು ಬೀದಿಯಲ್ಲೇ ಕುಳಿತು ನಕ್ಕೆ.

ಕೀಲಿ ಪಕ್ಕದ ಮನೆಯ ಇತೋ-ಸಾನ್ ಎಂಬ ಹಿರಿಯರ ಬಳಿ ಇತ್ತು. ಮನೆಯೊಡತಿ ತೀರಿಕೊಂಡು ತುಂಬ ವರ್ಷವಾಯಿತು, ಹಿಂಬಾಗಿಲಿಗೆ ಹಲಗೆ ಹೊಡೆದಿದೆ ಎಂದರು. ಬೀಗಕ್ಕೆ ಎಣ್ಣೆ ಬಿಡಬೇಕಾಯಿತು. ಅಮ್ಮ ನೆರಿಗೆ ಸರಿಪಡಿಸಿಕೊಳ್ಳುತ್ತ ಇಳಿದು ಬಂದಳು.

"ಒಳಗೆ ಹೇಗಮ್ಮ ಹೋದೆ?"

"ಹೇಗೆ ಅಂದ್ರೆ? ಆಯಮ್ಮ ಬಾಗಿಲು ತೆಗೆದ್ರು, ಹೋದೆ. ಇಬ್ರೂ ಮಕ್ಕಳ ವಿಷ್ಯಾನೇ ಮಾತಾಡಿದ್ವಿ. ಅವರ ಮಗನೂ ನಿನ್ನ ಹಾಗೇ ಗಾಬರಿ ಗಿರಾಕಿಯಂತೆ."

"ಜಪಾನಿ ನಿಂಗೆ ಅರ್ಥವಾಯ್ತಾ?"

"ತಲೆ ಮೇಲೆ ಕೈ ಹೊತ್ಕೊಂಡು ಆಕ್ಟ್ ಮಾಡಿ ತೋರ್ಸಿದ್ರು ಕಣೋ. ಈಗ ಟೀ ತರಕ್ಕೆ ಹೋಗಿದಾರೆ, ತಡಿ."

ಇತೋ-ಸಾನ್‌ಗೆ ಅದನ್ನೆಲ್ಲ ಜಪಾನಿಯಲ್ಲಿ ಹೇಳಿದೆ. ಅವರು ಟೋಪಿ ತೆಗೆದರು. "ಆ ಮಗ ನಾನೇ" ಎಂದರು. ಆಮೇಲೆ ಕಣ್ಣೊರೆಸಿಕೊಳ್ಳುತ್ತ ನಗತೊಡಗಿದರು. ಅಮ್ಮನೂ ಕಾರಣ ಕೇಳದೆ ಜೊತೆಗೆ ನಕ್ಕಳು. ಹೊರಡುವಾಗ ಅವರು ಬೀಗವನ್ನು ಮೂರು ಸಲ ಜಗ್ಗಿ ನೋಡಿದರು. ನಾನೂ ಒಮ್ಮೆ ಜಗ್ಗಿದೆ.

ಅಮ್ಮ ಬಿಟ್ಟ ಚಪ್ಪಲಿ ಯಾವತ್ತೂ ಒಂದು ಪೂರ್ವಕ್ಕೆ, ಒಂದು ಪಶ್ಚಿಮಕ್ಕೆ. ಅಂದು ಜೋಡಿಯಾಗಿ, ಅತಿಥಿ ಹೊರಡುವಾಗ ಮೆಟ್ಟಲು ಅನುಕೂಲವಾಗಲೆಂದು ಇಲ್ಲಿನ ಮನೆಯೊಡತಿಯರು ತಿರುಗಿಸಿಡುವ ಹಾಗೆ, ಬೀದಿಗೆ ಮುಖ ಮಾಡಿದ್ದವು. ಬೀಗದ ವಿಷಯದಲ್ಲಿ ನನ್ನ ಬಳಿ ಏಳೆಂಟು ಊಹೆಗಳಿವೆ. ಚಪ್ಪಲಿಯದ್ದಕ್ಕೆ ಒಂದೂ ಇಲ್ಲ. ಅಮ್ಮನಿಗೆ ಇದೆಲ್ಲ ಒಗಟೇ ಅಲ್ಲ. ಟೀ ಕುಡಿಯದೆ ಎದ್ದು ಬಂದದ್ದಕ್ಕೆ ಆಯಮ್ಮ ಏನಂದುಕೊಂಡರೋ ಎಂಬುದೊಂದೇ ಅವಳ ಚಿಂತೆ.