ಬೆನ್ನು ತಿರುಗಿಸಿ ಕೂರದ ಹುಡುಗಿಯರು

ಆ ಶನಿವಾರ ಮೈದಾನಕ್ಕೆ ಒಬ್ಬಳೂ ಬರಲಿಲ್ಲ. ಎರಡು ಕಂಬ ನೆಟ್ಟು, ಸುಣ್ಣದ ಗೆರೆ ಎಳೆದು, ಕೊರಳಿಗೆ ಸೀಟಿ ಹಾಕಿಕೊಂಡು ಬೆಳಗಿನಿಂದ ಬಿಸಿಲು ನೆತ್ತಿಗೇರುವ ತನಕ ನಿಂತಿದ್ದೆ. ಒಂದು ಮೇಕೆ ಮಾತ್ರ ಬಂತು. ಸುಣ್ಣ ಮೂಸಿ ನೋಡಿ, ತಿನ್ನುವಂಥದ್ದಲ್ಲ ಎಂದು ಗೊತ್ತಾದ ಮೇಲೆ ಅದೂ ಹೊರಟುಹೋಯಿತು.

ಕರ್ತನಲ್ಲಿ ಪ್ರಿಯರೇ, ಕೊರಟಗೆರೆಯ ನಮ್ಮ ಪುಟ್ಟ ಸಭೆಯಿಂದ ಆಫ್ರಿಕಾದ ಮಲಾವಿ ದೇಶಕ್ಕೆ ಆಟ ಕಲಿಸುವ ಸೇವೆಗೆ ಹೋಗಿದ್ದ ಸರೋಜ ನಾನೇ. ಮಧುಗಿರಿ, ಶಿರಾ, ಪಾವಗಡದ ಸಭೆಗಳವರೂ ನನಗಾಗಿ ಪ್ರಾರ್ಥಿಸಿದ್ದೀರಿ. ಮಕ್ಕಳ ನಡುವೆ ನಾನು ನಗುತ್ತಿರುವ ಫೋಟೋಗಳನ್ನೂ ನೋಡಿದ್ದೀರಿ. ಅವೆಲ್ಲ ಮೊದಲ ವಾರ ತೆಗೆದವು. ಆಮೇಲೆ ಫೋಟೋ ಯಾಕೆ ಬರಲಿಲ್ಲ ಎಂದು ಯಾರೂ ಕೇಳಲಿಲ್ಲ, ನಾನೂ ಹೇಳಲಿಲ್ಲ. ಈಗ ಹೇಳಬೇಕು.

ಕೊರೊನಾ ಕಾಲ ಮುಗಿದ ಮೇಲೆ ನಾನು ಹೊಳವನಹಳ್ಳಿಯ ಶಾಲೆಯೊಂದರಲ್ಲಿ ಪಿ.ಟಿ. ಟೀಚರ್ ಆಗಿದ್ದೆ. ಖೋ-ಖೋ ನನ್ನ ಉಸಿರು. ನಮ್ಮ ಹುಡುಗಿಯರು ಮಧುಗಿರಿಯಲ್ಲಿ ಕಪ್ ಗೆದ್ದು ಬಸ್ಸಿನಲ್ಲಿ ಕುಣಿಯುತ್ತಾ ಬಂದ ದಿನ ಕಂಡಕ್ಟರ್ ಕೂಡ ಬಯ್ಯಲಿಲ್ಲ. ಮಲಾವಿಯ ಹಳ್ಳಿಶಾಲೆಯ ಹೆಣ್ಣುಮಕ್ಕಳಿಗೆ ಆಟ ಕಲಿಸುವವರು ಬೇಕಿದೆ ಎಂದು ಪಾಸ್ಟರ್ ಹೇಳಿದಾಗ, ಮಾತು ಮುಗಿಯುವ ಮೊದಲೇ ನಾನು ಕೈ ಎತ್ತಿದೆ. ನನ್ನ ಸ್ವಭಾವವೇ ಹಾಗೆ. ಕಾಯುವುದೆಂದರೆ ಆಗದು.

ನಮ್ಮೂರು ಕೊಳಾಲದಲ್ಲಿ ಅಮ್ಮ ಒಪ್ಪಲಿಲ್ಲ. "ಅಷ್ಟು ದೂರ ಓಗಿ ಏನ್ ಮಾಡ್ತೀಯಾ? ಇಲ್ಲೇ ಕಾಲಿಗೆ ಚಕ್ರ ಕಟ್ಕಂಡು ನಿಂತ್ಕಂಡೇ ಮುದ್ದೆ ನುಂಗ್ತೀಯ. ಒಂದಿನಾನಾದ್ರೂ ಕೂತ್ಕಂಡು ಉಣ್ಣು ಕಣಮ್ಮಿ" ಎಂದರು. ನಾನು ನಿಂತುಕೊಂಡೇ ಉಂಡು ಹೊರಟೆ.

ಮಲಾವಿಯಲ್ಲೂ ಮುದ್ದೆಯೇ. ಮೆಕ್ಕೆಜೋಳದ ಹಿಟ್ಟಿನದು, ಬೆಳ್ಳಗಿರುತ್ತದೆ. ಮೊದಲ ತುತ್ತಿಗೇ ನಮ್ಮ ಮನೆಯ ಹುರುಳಿ ಸಾರು ನೆನಪಾಯಿತು.

ಹುಡುಗಿಯರು ಮೊದಲ ದಿನ ಕೇಳಿದ್ದು ಒಂದೇ ಪ್ರಶ್ನೆ. "ಚೆಂಡು ಎಲ್ಲಿ?" ಅವರಿಗೆ ನೆಟ್‌ಬಾಲ್ ಎಂದರೆ ಪ್ರಾಣ. ಚೆಂಡೇ ಇಲ್ಲದ, ತಂಡದಲ್ಲಿ ಮುಕ್ಕಾಲು ಜನ ಸುಮ್ಮನೆ ಕೂರುವ ಆಟ ಇವಳೇನು ತಂದಳು ಎಂದು ಮುಖ ಮುಖ ನೋಡಿಕೊಂಡರು. ಆದರೂ ಕೂತರು. ನಿಮಗೆ ಗೊತ್ತಲ್ಲ, ಖೋ-ಖೋದಲ್ಲಿ ಸಾಲಾಗಿ ಕೂತವರು ಒಬ್ಬರು ಈ ಕಡೆ, ಪಕ್ಕದವರು ಆ ಕಡೆ ಮುಖ ಮಾಡಬೇಕು. ಬೆನ್ನ ಹಿಂದಿನಿಂದ ಮುಟ್ಟಿ 'ಖೋ' ಎನ್ನುವವರೆಗೆ ಏಳುವ ಹಾಗಿಲ್ಲ. ಈ ಹುಡುಗಿಯರೋ ಎಲ್ಲರೂ ನನ್ನ ಕಡೆಗೇ ಮುಖ ಮಾಡಿ ಕೂರುತ್ತಿದ್ದರು. ಭುಜ ಹಿಡಿದು ತಿರುಗಿಸುತ್ತಿದ್ದೆ. ನಾನು ಗೆರೆಯಾಚೆ ಹೋಗಿ ಸೀಟಿ ಊದುವಷ್ಟರಲ್ಲಿ ಮತ್ತೆ ನನ್ನ ಕಡೆ ತಿರುಗಿಬಿಟ್ಟಿರುತ್ತಿದ್ದರು. ಬರೀ ಹಟ ಎಂದುಕೊಂಡೆ. ಕೂಗಿದೆ, ಗದರಿದೆ. ಅವರ ಭಾಷೆ ನನಗೆ ಬಾರದು, ನನ್ನ ಇಂಗ್ಲಿಷ್ ಅವರಿಗೆ ಅರ್ಧಂಬರ್ಧ. ಸಿಟ್ಟು ಮಾತ್ರ ಎಲ್ಲರಿಗೂ ಚೆನ್ನಾಗಿ ಅರ್ಥವಾಗುತ್ತಿತ್ತು. ಒಬ್ಬೊಬ್ಬರಾಗಿ ಕಡಿಮೆಯಾದರು. ಕೊನೆಗೆ ಉಳಿದದ್ದು ಕಂಬಗಳು ಮತ್ತು ನಾನು.

ಅಂಥ ಒಂಟಿತನವನ್ನು ನಾನು ಅದುವರೆಗೆ ಕಂಡಿರಲಿಲ್ಲ. ಭಾನುವಾರ ಸಭೆಯಲ್ಲಿ ಎಲ್ಲರೂ ಚಪ್ಪಾಳೆ ತಟ್ಟಿ ಹಾಡುವಾಗ ನಾನೂ ತಟ್ಟುತ್ತಿದ್ದೆ, ಒಂದು ಪದವೂ ಒಳಗೆ ಇಳಿಯುತ್ತಿರಲಿಲ್ಲ. ಮಾತಾಡದೆ ಮಾತಾಡದೆ ನನ್ನ ದನಿಯೇ ನನಗೆ ಬೇರೆಯವರದ್ದು ಅನ್ನಿಸುತ್ತಿತ್ತು. ಒಂದು ಸಂಜೆ ಮಧುಗಿರಿಯಲ್ಲಿರುವ ಅಕ್ಕನಿಗೆ ಫೋನ್ ಮಾಡಿದೆ. ಅವಳು ಬಸ್‌ಸ್ಟ್ಯಾಂಡಿನಲ್ಲಿದ್ದಳು. ಅವಳ ಮಾತಿನ ಹಿಂದೆ ಯಾರೋ "ಪಾವ್ಗಡ ಪಾವ್ಗಡ ಪಾವ್ಗಡ" ಎಂದು ಕೂಗುತ್ತಿದ್ದರು. ಅಷ್ಟಕ್ಕೇ ಅಳು ಒತ್ತರಿಸಿ ಬಂತು.

"ಯಾಕೇ, ಅಳ್ತಿದ್ದೀಯಾ?"

"ನೆಗಡಿ."

"ಸುಳ್ಳು ಯೋಳ್ಬ್ಯಾಡ ಬುಡು. ಆಗ್ದಿದ್ರೆ ಬಂದ್ಬುಡು ಕಣೇ. ಯಾರೇನ್ ಅಂತಾರೆ? ಅಮ್ಮ ದಿನಾ ನೀನ್ ಹೆಂಗಿದ್ದೀಯ ಅಂತ ಕೇಳ್ತದೆ."

ಅಂದು ಮಂಡಿಯೂರಿ ಪ್ರಾರ್ಥಿಸಿದೆ. ಪ್ರಾರ್ಥನೆ ಎಂದರೆ ಜಗಳವೇ. "ಕರ್ತನೇ, ಈ ಶನಿವಾರ ಒಬ್ಬಳನ್ನಾದರೂ ಮೈದಾನಕ್ಕೆ ಕಳಿಸು. ಇಲ್ಲವಾದರೆ ನೀನು ನನ್ನನ್ನು ಇಲ್ಲಿಗೆ ಕರೆದಿಲ್ಲ ಎಂದು ತಿಳಿದು ಹೊರಟುಬಿಡುತ್ತೇನೆ." ದೇವರಿಗೇ ಗಡುವು ಕೊಟ್ಟವಳು ನಾನು! ಶನಿವಾರ ಬಂದದ್ದು ಆ ಮೇಕೆ.

ಸೋಮವಾರ ಅಲ್ಲಿನ ಪಾಸ್ಟರ್‌ಗೆ ಹೇಳಿ, ಸೂಟ್‌ಕೇಸ್ ಎಳೆದುಕೊಂಡು ರಸ್ತೆಗೆ ಬಂದೆ. ಅಲ್ಲಿ ಓಡಾಡುವುದು ಮಿನಿಬಸ್. ನಮ್ಮ ಕಡೆಯ ಪ್ರೈವೇಟ್ ಬಸ್ಸಿಗಿಂತ ಒಂದು ಕೈ ಮೇಲು. ಭರ್ತಿಯಾಗುವ ತನಕ ಜಪ್ಪಯ್ಯ ಎಂದರೂ ಹೊರಡುವುದಿಲ್ಲ. ಡ್ರೈವರ್ ಸೀಟಿನಲ್ಲೇ ನಿದ್ದೆ ಹೊಡೆಯುತ್ತಿದ್ದ. ಒಳಗೆ ಸೆಕೆ. ಒಂದಷ್ಟು ಹೊತ್ತು ಶತಪಥ ಹಾಕಿದೆ, ಗಡಿಯಾರ ನೋಡಿದೆ, ಡ್ರೈವರನ್ನು ಎಬ್ಬಿಸಿ ಕೇಳಿದೆ. ಅವನು ನಕ್ಕು ಮತ್ತೆ ಕಣ್ಣು ಮುಚ್ಚಿದ. ಕಾಲು ಸೋತು ಹೋಯಿತು. ಪಕ್ಕದ ಮಾವಿನ ಮರದ ನೆರಳಲ್ಲಿ, ನೆಲದ ಮೇಲೆ, ಕೂತುಬಿಟ್ಟೆ. ಆ ಊರಿಗೆ ಬಂದ ಮೇಲೆ ಹೊರಗೆ ಬಯಲಲ್ಲಿ ನಾನು ನೆಲಕ್ಕೆ ಕೂತದ್ದು ಅದೇ ಮೊದಲು.

ಕೈಪಂಪಿನ ಕಡೆಯಿಂದ ತಲೆ ಮೇಲೆ ಬಕೆಟ್ ಹೊತ್ತು ಹುಡುಗಿಯರು ಬಂದರು. ನನ್ನನ್ನು ನೋಡಿ ಬಕೆಟ್ ಇಳಿಸಿ, ಹಿರಿಯರಿಗೆ ಮಾಡುವಂತೆ ಮಂಡಿ ಬಗ್ಗಿಸಿ ನಮಸ್ಕರಿಸಿದರು. ಅವರಲ್ಲಿ ಗ್ರೇಸ್ ಎಂಬುವಳಿಗೆ ಸ್ವಲ್ಪ ಇಂಗ್ಲಿಷ್ ಬರುತ್ತಿತ್ತು. "ನೀವು ಹೋಗುತ್ತೀರೆಂದು ಪಾಸ್ಟರ್ ಹೇಳಿದರು. ಕಳಿಸಿಕೊಡಲು ಬಂದೆವು" ಎಂದಳು. ಊರಿಂದ ಹೋಗುವವರನ್ನು ಒಂಟಿಯಾಗಿ ಬಿಡುವುದಿಲ್ಲ, ಜೊತೆಗೆ ಬಂದು ಕಳಿಸಬೇಕು, ಅದು ಅಲ್ಲಿನ ಪದ್ಧತಿ. ನನ್ನ ಎರಡೂ ಪಕ್ಕದಲ್ಲಿ ಸಾಲಾಗಿ ಕೂತರು. ಬಸ್ಸು ಇನ್ನೂ ತುಂಬುತ್ತಿಲ್ಲ.

ಮಕ್ಕಳು ಎಷ್ಟು ಹೊತ್ತು ಸುಮ್ಮನಿದ್ದಾರು? ಒಬ್ಬಳು ಪಕ್ಕದವಳ ಕಿವಿಯಲ್ಲಿ ಏನೋ ಅಂದಳು. ಕಿಸಕ್ಕನೆ ನಗು. ನನ್ನ ಪಕ್ಕದಲ್ಲಿದ್ದ ಗ್ರೇಸ್ ಕೂತಲ್ಲೇ ರಸ್ತೆಗೆ ಬೆನ್ನು ಹಾಕಿ ಆ ಕಡೆಗೆ ತಿರುಗಿದಳು. ಅವಳಾಚೆಯವಳು ಈ ಕಡೆಗೇ ಇದ್ದಳು, ಅವಳಿಗೂ ಆಚೆಯವಳು ಆ ಕಡೆಗೆ ತಿರುಗಿದಳು. ನಾನು ತಿಂಗಳುಗಟ್ಟಲೆ ಗಂಟಲು ಹರಿದುಕೊಂಡರೂ ಆಗದ ಸಾಲು ನನ್ನ ಕಣ್ಣೆದುರಿಗೇ ಆಗಿಹೋಯಿತು.

"ಇಷ್ಟು ದಿನ ಯಾಕೆ ಹೀಗೆ ಕೂರಲಿಲ್ಲ?" ಎಂದೆ.

ಗ್ರೇಸ್ ನನ್ನನ್ನೇ ವಿಚಿತ್ರವಾಗಿ ನೋಡಿದಳು. "ನೀವು ನಿಂತಿದ್ದಿರಲ್ಲ ಮೇಡಂ. ಹಿರಿಯರು ಎದುರಿಗೆ ನಿಂತಿರುವಾಗ ನಾವು ಬೆನ್ನು ತೋರಿಸಿ ಕೂರಬಾರದು. ಈಗ ನೀವೂ ಸಾಲಿನಲ್ಲಿ ಕೂತಿದ್ದೀರಿ."

ನಾನು ಹಟ ಎಂದುಕೊಂಡದ್ದು ಅವರು ನನಗೆ ಕೊಟ್ಟ ಮರ್ಯಾದೆ. ತಲೆ ತಗ್ಗಿಸಿ ಕೂತೆ. ಅಷ್ಟರಲ್ಲಿ ಇಬ್ಬರೆದ್ದು, ಒಬ್ಬಳು ಇನ್ನೊಬ್ಬಳನ್ನು ಅಟ್ಟಾಡಿಸತೊಡಗಿದ್ದಳು. ಒಂದು ಕಂಬ ಮಾವಿನ ಮರ, ಇನ್ನೊಂದು ಕಂಬ ನನ್ನ ಸೂಟ್‌ಕೇಸ್. ನಾನು ತಿರುಗಿ ನೋಡಲಿಲ್ಲ. ಬೆನ್ನಿಗೆ ಪಟ್ ಎಂದು ಒಂದು ಒದ್ದೆ ಕೈ ಬಿತ್ತು.

"ಖೋ!"

ಎದ್ದು ಓಡಿದೆ. ಅಳುತ್ತಲೇ ಓಡಿದೆ. ಡ್ರೈವರ್ ಎದ್ದು ಹಾರ್ನ್ ಹೊಡೆದ, ಜನ ಹತ್ತಿದರು, ಬಸ್ ಹೋಯಿತು. ಸೂಟ್‌ಕೇಸ್ ಕಂಬವಾಗಿಯೇ ಉಳಿಯಿತು.

ಒಪ್ಪಿಕೊಂಡ ಅವಧಿ ಮುಗಿಯುವ ತನಕ ಅಲ್ಲೇ ಇದ್ದೆ, ಸಾಲಿನಲ್ಲಿ ಕೂತೇ ಕಲಿಸಿದೆ. ಕಪ್ ಏನೂ ಗೆಲ್ಲಲಿಲ್ಲ, ಎದುರು ಆಡಲು ಸುತ್ತಮುತ್ತ ಬೇರೆ ತಂಡವೇ ಇರಲಿಲ್ಲ. ಒಂಟಿತನ ಪೂರ್ತಿ ಹೋಯಿತು ಎಂದರೆ ಸುಳ್ಳಾಗುತ್ತದೆ. ಭಾನುವಾರದ ಮಧ್ಯಾಹ್ನಗಳು ಕೊನೆಯವರೆಗೂ ಭಾರವಾಗಿಯೇ ಇದ್ದವು. ಆದರೆ ಕರ್ತನಿಗೆ ಗಡುವು ಕೊಡುವುದನ್ನು ಬಿಟ್ಟೆ.

ಈಗ ನಿಡುಗಲ್ ಕಡೆಯ ಶಾಲೆಯೊಂದರಲ್ಲಿದ್ದೇನೆ. ಮೊದಲ ದಿನ ಸಾಲಿನಲ್ಲಿ ಕೂತಾಗ ಒಬ್ಬಳು ತೆಲುಗು ಬೆರೆಸಿ, "ಏಂ ಮೇಡಂ, ನೀವೂ ಕೂತ್ಕಂತೀರಾ?" ಎಂದು ಬಾಯಿಬಿಟ್ಟು ನೋಡಿದಳು. ಕೊಳಾಲಕ್ಕೆ ಹೋದಾಗ ಅಮ್ಮನ ಪಕ್ಕದಲ್ಲಿ ಕೂತು ಉಣ್ಣುತ್ತೇನೆ. ಅಮ್ಮ ಇನ್ನೊಂದು ಮುದ್ದೆ ಇಡುತ್ತಾರೆ.

ವಾರದ ಕೊನೆಗೆ ಮಧುಗಿರಿಯಲ್ಲಿ ಬಸ್ಸಿಗೆ ಕಾಯುವಾಗ ಕೆಲವು ಸಂಜೆ ಆ ಹಳೆಯ ಒಂಟಿತನ ಬರುತ್ತದೆ. ಆಗ ಎದ್ದು ಶತಪಥ ಹಾಕುವುದಿಲ್ಲ. ಕಟ್ಟೆಯ ಮೇಲೆ ಕೂರುತ್ತೇನೆ, ಹಿಂದಕ್ಕೆ ತಿರುಗಿ ನೋಡುವುದಿಲ್ಲ. ನನ್ನ ಕರ್ತನು ಬೆನ್ನ ಹಿಂದೆ ಇದ್ದಾನೆಂದು ನನಗೆ ಗೊತ್ತು, ಆತನಿಗೆ ಸ್ತೋತ್ರ. ಆ ಒದ್ದೆ ಕೈಯ ಗುರುತು ನನ್ನ ಬೆನ್ನಿನ ಮೇಲೆ ಇನ್ನೂ ತಣ್ಣಗಿದೆ.