ತುಕಾರಾಮನ ಜ್ವರ ಮತ್ತು ವರದಿಯ ಮೂರನೆಯ ಪ್ರತಿ

2016ರ ಏಪ್ರಿಲ್ ಎರಡನೆಯ ವಾರ, ಔರಾದ್ ತಾಲೂಕಿನ ತುಕಾರಾಮ ಎಂಬ ಮೂವತ್ತೊಂದು ವರ್ಷದ ಕೂಲಿಕಾರ ಮೂರು ತಿಂಗಳ ಜ್ವರದೊಂದಿಗೆ ಬೀದರಿನಲ್ಲಿ ನಾನಿದ್ದ ಆಸ್ಪತ್ರೆಗೆ ದಾಖಲಾದ. ನಾನು ಆಗ ಸಾಂಕ್ರಾಮಿಕ ರೋಗಗಳ ಕಣ್ಗಾವಲು ವಿಭಾಗದ ವೈದ್ಯ. ಯಾವ ರೋಗ ಎಲ್ಲಿಂದ ಬಂತು ಎಂದು ಪತ್ತೆ ಮಾಡಿ ವರದಿ ಬರೆಯುವುದು ನನ್ನ ಕೆಲಸ.

ತುಕಾರಾಮನ ತೂಕ ಮೂವತ್ತೆಂಟು ಕಿಲೋ. ಹೊಟ್ಟೆಯ ಎಡಭಾಗದ ಗುಲ್ಮ, ಅಂದರೆ ಸ್ಪ್ಲೀನ್, ಹೊಕ್ಕುಳದವರೆಗೆ ಬೆಳೆದಿತ್ತು. ಭಾಲ್ಕಿಯಲ್ಲಿ ಟೈಫಾಯ್ಡ್ ಎಂದು ಎರಡು ಬಾರಿ ಚಿಕಿತ್ಸೆಯಾಗಿತ್ತು. ಮಲೇರಿಯಾ ಪರೀಕ್ಷೆ ನಾಲ್ಕು ಸಲ ನೆಗೆಟಿವ್. ಕಾಲಾ ಅಜಾರ್ ಇರಬಹುದೇ ಎಂದು ನನಗೆ ಮೊದಲ ದಿನವೇ ಅನಿಸಿತ್ತು. ಮರಳುನೊಣ ಕಚ್ಚಿ ಹರಡುವ ಈ ರೋಗ ಬಿಹಾರದ ಕಡೆಯದು, ನಮ್ಮ ಜಿಲ್ಲೆಯದಲ್ಲ. ಆದ್ದರಿಂದ ರೋಗಿ ಎಲ್ಲಿಗೆ ಹೋಗಿದ್ದ ಎಂಬ ಒಂದು ಪ್ರಶ್ನೆಯ ಮೇಲೆ ಎಲ್ಲವೂ ನಿಂತಿತ್ತು.

ರೋಗಿಗೆ ಮಾತಾಡುವ ಶಕ್ತಿ ಇರಲಿಲ್ಲ. ಉತ್ತರ ಕೊಟ್ಟವನು ಅಣ್ಣ ವೈಜಿನಾಥ. ಊರಿನ ಬರಗಾಲದ ಕೆರೆ ಕೆಲಸದಲ್ಲಿ ಹಾಜರಿ ಬರೆಯುವ ಮೇಟ್ ಅವನೇ.

"ಎಲ್ಲಿ ಹೋಗ್ತಾನ್ರಿ ಸಾಹೇಬ್ರ? ಕೆರಿ ಹೂಳು ತೆಗಿಲಿಕ್ಕೇ ಇದ್ದ. ನೋಡ್ರಿ, ಕಾರ್ಡ್ ಅದ."

ಕೂಲಿ ಕೆಲಸದ ಆ ಕಾರ್ಡಿನಲ್ಲಿ ಆಗಸ್ಟಿನಿಂದ ಜನವರಿಯವರೆಗೆ ಹಾಜರಿ ಇತ್ತು. ಸರ್ಕಾರಿ ಮುದ್ರೆಯನ್ನು ನಂಬಿ "ಪ್ರಯಾಣ ಇಲ್ಲ" ಎಂದು ಬರೆದೆ, ಕಾಲಾ ಅಜಾರ್ ಕೈಬಿಟ್ಟೆ. ಕ್ಷಯ ಇರಬಹುದೆಂದು ಅದರ ಮಾತ್ರೆ ಆರಂಭಿಸಿದೆವು. ಒಂಬತ್ತನೆಯ ದಿನ ಅವನ ಮೂಗಿನಿಂದ ರಕ್ತ ಇಳಿಯಿತು.

ಅಂದು ರಕ್ತ ತೆಗೆಯಲು ಹೋಗಿದ್ದ ಲ್ಯಾಬ್ ಟೆಕ್ನಿಷಿಯನ್ ಜಬ್ಬಾರ್ ನನ್ನ ಕೋಣೆಗೆ ಬಂದ. ಬೀದರಿನದೇ ಚಿದ್ರಿ ಬಡಾವಣೆಯವನು, ನನಗಿಂತ ಹತ್ತು ವರ್ಷ ಹಿರಿಯ.

"ಸಾಬ್, ಕಾರ್ಡ್ ಓದಿದ್ರಿ, ಮನಷ್ಯಾನ್ನ ಓದಿಲ್ಲ ನೀವು. ಸೊಂಟದ ಸುತ್ತ ಚರ್ಮದ ಮ್ಯಾಲ ಕರಿ ಪಟ್ಟಿ ಬಿದ್ದದ ನೋಡ್ರಿ. ನಮ್ಮ ತಮ್ಮಗೂ ಹಿಂಗೇ ಅದ. ಕರೆಂಟ್ ಟವರ್ ಮ್ಯಾಲ ಬೆಲ್ಟ್ ಕಟ್ಕೊಂಡು ಜೋತಾಡ್ತಾನ ಅಂವ. ಕೆರ್‍ಯಾಗ ಹೂಳು ತೆಗಿಲಿಕ್ಕೆ ಬೆಲ್ಟ್ ಯಾಕ ಬೇಕ್ರಿ?"

ವೈಜಿನಾಥ ಚಹಾಕ್ಕೆ ಹೋದಾಗ ರೋಗಿಯ ಹೆಂಡತಿ ಸುಭದ್ರಾಳನ್ನು ನಲ್ಲಿಯ ಹತ್ತಿರ ಕೇಳಿದೆ. ಆಕೆ ಬಟ್ಟೆ ಹಿಂಡುತ್ತಲೇ ಇದ್ದಳು.

"ನಾ ಬಾಯಿ ಬಿಟ್ರ ಊರಾಗ ಒಲಿ ಆರ್ತಾವ್ರಿ ಸಾಹೇಬ್ರ. ಭಾವ ನನ್ನ ಹೊಸ್ತಿಲಾ ತುಳಿಯಾಕ ಬಿಡಲ್ಲ."

"ಬಾಯಿ ಬಿಡದಿದ್ದರೆ ಗಂಡ ಈ ವಾರ ಉಳಿಯಲ್ಲ, ತಾಯಿ. ನೀನು ಹೇಳಿದ್ದು ಈ ಆಸ್ಪತ್ರೆ ದಾಟಲ್ಲ. ನನ್ನ ಮಾತು."

ಆಕೆ ಹೇಳಿದಳು. ಮಳೆ ಕೈಕೊಟ್ಟ ಮೇಲೆ, ಆಗಸ್ಟಿನಲ್ಲಿ ತುಕಾರಾಮ ಊರಿನ ಇನ್ನಿಬ್ಬರ ಜೊತೆ ಟವರ್ ಲೈನ್ ಗ್ಯಾಂಗಿನಲ್ಲಿ ಪಾಟ್ನಾಕ್ಕೆ ಹೋಗಿದ್ದ. ನಗರದಂಚಿನ ಮಣ್ಣಿನ ಗೋಡೆಯ ಎಮ್ಮೆ ಕೊಟ್ಟಿಗೆಯಲ್ಲಿ ಐದು ತಿಂಗಳು ಮಲಗಿದ್ದ. ಮರಳುನೊಣ ಮೊಟ್ಟೆಯಿಡುವುದು ಅಂಥ ಗೋಡೆಯ ಬಿರುಕುಗಳಲ್ಲೇ. ಊರಿನಲ್ಲಿ ವೈಜಿನಾಥ ಅವರ ಹಾಜರಿ ಬರೆಯುತ್ತಲೇ ಇದ್ದ, ಆ ಕೂಲಿ ಮನೆಗಳಿಗೆ ಬರುತ್ತಿತ್ತು.

ಹೈದರಾಬಾದಿನಿಂದ ಪರೀಕ್ಷೆಯ ಕಿಟ್ ತರಿಸಿದೆವು. ಪಾಸಿಟಿವ್ ಬಂತು. ಎರಡು ದಿನದ ಮೇಲೆ ಅದರ ಔಷಧಿ, ಲೈಪೊಸೋಮಲ್ ಆಂಫೊಟೆರಿಸಿನ್, ಐಸ್ ಡಬ್ಬಿಯಲ್ಲಿ ಬಂತು. ಕಿಲೋಗೆ ಹತ್ತು ಮಿಲಿಗ್ರಾಂ, ಒಂದೇ ಡೋಸ್. ಮುನ್ನೂರ ಎಂಬತ್ತು ಮಿಲಿಗ್ರಾಂಗೆ ಎಂಟು ಸೀಸೆ ಒಡೆದೆವು. ಐದನೆಯ ದಿನ ಜ್ವರ ಇಳಿಯಿತು. ಸುಭದ್ರಾ ಅಂದು ಜಬ್ಬಾರನ ಕೈಗೆ ಒಂದು ಪುಡಿಕೆ ಸಕ್ಕರೆ ಕೊಟ್ಟಳು.

ನಂತರ ವರದಿ ಬರೆಯಬೇಕಿತ್ತು. ರೋಗ ಹೊರಗಿನಿಂದ ಬಂದದ್ದು ಎಂದು ಸಾಬೀತಾಗದಿದ್ದರೆ ಜಿಲ್ಲೆಯಲ್ಲೇ ಸೋಂಕು ಇದೆ ಎಂದಾಗುತ್ತದೆ. ಹಾಗಾಗಿ ಹೋದ ದಿನ, ಬಂದ ದಿನ, ಊರಿನ ಹೆಸರು, ಮಲಗಿದ ಜಾಗ ಎಲ್ಲವನ್ನೂ ಬರೆದೆ. ಮಾಹಿತಿ ನೀಡಿದವರು ಎಂಬ ಅಂಕಣದಲ್ಲಿ "ಪತ್ನಿ" ಎಂದು ಬರೆದೆ. ಮೂರು ಪ್ರತಿಗಳಿಗೆ ಸಹಿ ಹಾಕಿದೆ. ಮೂರನೆಯದು ಯಾವ ಕಚೇರಿಗೆ ಎಂದು ನಾನು ಕೇಳಲಿಲ್ಲ.

ಬರ ಪರಿಶೀಲನಾ ಸಭೆಯಲ್ಲಿ ಯಾರೋ ಆ ಪ್ರತಿಯನ್ನು ಕೆರೆ ಕೆಲಸದ ಹಾಜರಿಯ ಪಕ್ಕದಲ್ಲಿಟ್ಟು ನೋಡಿದರು. ನನ್ನ ವರದಿಯನ್ನು ಊರಿನಲ್ಲೇ ಓದಿ ತನಿಖೆ ನಡೆಸಿದರು. ಊರಲ್ಲಿಲ್ಲದ ಇಪ್ಪತ್ತಾರು ಜನರ ಹೆಸರು ಪಟ್ಟಿಯಲ್ಲಿ ಸಿಕ್ಕವು. ವೈಜಿನಾಥನನ್ನು ಮೇಟ್ ಕೆಲಸದಿಂದ ತೆಗೆದರು. ಕೆರೆ ಕೆಲಸವೇ ನಿಂತಿತು. ಸುಳ್ಳು ಹಾಜರಿ ಇಲ್ಲದವರ ಕೂಲಿಯೂ ಅದರ ಜೊತೆ ಹೋಯಿತು. ಅದು ಮೇ ತಿಂಗಳು.

ಜೂನ್ ಕೊನೆಗೆ ತುಕಾರಾಮ ಮರುಪರೀಕ್ಷೆಗೆ ಒಬ್ಬನೇ ಬಂದ. ಆರು ಕಿಲೋ ಏರಿದ್ದ. ಹೆಂಡತಿ ಎಲ್ಲಿ ಎಂದೆ.

"ಹೊರಗ ಹಾಕೀವ್ರಿ."

"ಆಕೆ ಹೇಳದಿದ್ದರೆ ನೀನು ಈ ಕುರ್ಚಿ ಮೇಲೆ ಇರುತ್ತಿರಲಿಲ್ಲ."

"ಖರೇ ಅದರಿ. ಆದ್ರ ನಾ ಇರಬೇಕಾದದ್ದು ಊರಾಗಲ್ಲೇನ್ರಿ?" ಎಂದು ಅಂಗಿಯ ಗುಂಡಿ ಹಾಕಿಕೊಂಡ.

ಸುಭದ್ರಾ ಬೀದರಿನ ಮೈಲೂರು ಬಡಾವಣೆಯಲ್ಲಿ ಎರಡು ಮನೆಯ ಪಾತ್ರೆ ತೊಳೆಯುತ್ತಿದ್ದಾಳೆಂದು ಜಬ್ಬಾರ್ ಪತ್ತೆ ಮಾಡಿದ. ಅವನ ಜೊತೆ ನಾನು ಹೋದೆ. ಆಕೆ ಬಾಗಿಲಲ್ಲೇ ನಿಂತು, "ಈಗೇನ್ ಬರ್ಕೊಳ್ಳಾಕ ಬಂದೀರಿ?" ಎಂದಳು. ವಾಪಸು ಬರುವಾಗ ಜಬ್ಬಾರ್, "ನಿಮ್ಮ ಅಕ್ಷರ ಭಾಳ ಚಂದ ಅವ ಸಾಬ್, ಎಲ್ಲರಿಗೂ ತಿಳೀತಾವ" ಎಂದ. ಆ ನಂತರ ನಿವೃತ್ತಿಯವರೆಗೂ ಯಾವ ವರದಿಯಲ್ಲೂ ನಾನು ಮಾಹಿತಿ ನೀಡಿದವರ ಅಂಕಣ ತುಂಬಲಿಲ್ಲ. ಅದಕ್ಕೆ ಎರಡು ಸಲ ಮೆಮೊ ಬಂತು.

ಪಾಟ್ನಾದ ಕೊಟ್ಟಿಗೆಯಲ್ಲಿ ತುಕಾರಾಮನ ಜೊತೆ ಮಲಗಿದ್ದ ಇನ್ನಿಬ್ಬರ ರಕ್ತ ಪರೀಕ್ಷೆ ಬಾಕಿ ಇತ್ತು. ಜುಲೈ ಮತ್ತು ನವೆಂಬರಿನ ನಡುವೆ ನಾಲ್ಕು ಸಲ ಆ ಊರಿಗೆ ಹೋದೆ. ಇಬ್ಬರಲ್ಲಿ ಒಬ್ಬನಾದ ಮಾರುತಿಯ ತಾಯಿ ಪ್ರತಿ ಸಲವೂ ಬಾಗಿಲಿಗೆ ಅಡ್ಡ ನಿಂತಳು. "ನನ್ನ ಮಗ ಊರು ಬಿಟ್ಟಿಲ್ರಿ. ಅವಂಗ ಜ್ವರಾನೂ ಇಲ್ಲ." ನಾಲ್ಕನೆಯ ಸಲ ಆಕೆಯ ಹಿಂದೆ, ನೆಲದ ಮೇಲೆ, ಕೌದಿ ಹೊದ್ದು ನಡುಗುತ್ತಿದ್ದವನು ನನಗೆ ಕಾಣುತ್ತಿದ್ದ. ಔಷಧಿಯ ಎರಡು ಡೋಸ್ ನಮ್ಮ ಆಸ್ಪತ್ರೆಯ ಫ್ರಿಜ್ಜಿನಲ್ಲಿದ್ದವು.

ಮಾರುತಿ 2017ರ ಜನವರಿಯಲ್ಲಿ ಮನೆಯಲ್ಲೇ ಸತ್ತ. ಅವನ ರಕ್ತ ಪರೀಕ್ಷೆ ಆಗಲಿಲ್ಲ. ಇನ್ನೊಬ್ಬ ಅದಕ್ಕೂ ಮೊದಲೇ ಮತ್ತೆ ಗ್ಯಾಂಗಿನೊಂದಿಗೆ ಹೋಗಿದ್ದ. ಅವನ ಸುದ್ದಿ ಸಿಕ್ಕಿಲ್ಲ.